ಟೈಮರ್ ಹ್ಯಾಂಡ್ಲರನ್ನು ಬಟನ್‌ನಿಂದ ನೇರ ಕರೆಯಬಹುದಾ? ಮಾಡಿ ನೋಡಿದವರು ಹೇಳಿ

ತುಮಕೂರು_ಕೋಡ್: ಎಲ್ಲರಿಗೂ ನಮಸ್ಕಾರ. ಲಾರಿ ತೂಗುವ ವೇಬ್ರಿಡ್ಜ್ ಒಂದಕ್ಕೆ ಸಿ ಶಾರ್ಪ್, ವಿನ್‌ಫಾರ್ಮ್ಸ್‌ನಲ್ಲಿ (ವಿಂಡೋಸ್‌ನಲ್ಲಿ ಕಿಟಕಿ, ಬಟನ್ ಮಾಡುವ ಲೈಬ್ರರಿ) ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. 5 ನಿಮಿಷಕ್ಕೊಮ್ಮೆ ತೂಕದ ಚೀಟಿಗಳು ಸರ್ವರ್‌ಗೆ ಹೋಗಬೇಕು. ಸಿಸ್ಟಮ್.ಟೈಮರ್ಸ್.ಟೈಮರ್ ಇಟ್ಟಿದ್ದೇನೆ. ಈಗ ಮಾಲೀಕರು ‘ಈಗಲೇ ಕಳಿಸು’ ಅಂತ ಒಂದು ಬಟನ್ ಕೇಳುತ್ತಿದ್ದಾರೆ. ಸಮಯ ಆದಾಗ ಟೈಮರ್ ಓಡಿಸುವ ಎಲ್ಯಾಪ್ಸ್ಡ್ ಹ್ಯಾಂಡ್ಲರಿಗೆ, ಅದು ಕೇಳುವ ಎರಡು ಮಾಹಿತಿಯ ಜಾಗದಲ್ಲಿ ನಲ್, ನಲ್ (ಅಂದರೆ ಖಾಲಿ) ಕೊಟ್ಟು ಬಟನ್‌ನಿಂದಲೇ ಕರೆದರೆ ಆಗುತ್ತಾ? ಒತ್ತಿದ ಮೇಲೆ 5 ನಿಮಿಷ ಮತ್ತೆ ಮೊದಲಿಂದ ಶುರುವಾಗಬೇಕು. ನೀವೆಲ್ಲ ಏನು ಮಾಡಿದ್ದೀರಿ?

ಹಳೇ_ವಿಬಿ: ವಿಬಿ6 (ಹಳೆಯ ವಿಷುಯಲ್ ಬೇಸಿಕ್) ಕಾಲದಿಂದ ಟೈಮರ್ ಈವೆಂಟನ್ನು ಹೆಸರು ಹಿಡಿದು ಕರೆಯುತ್ತಾ ಬಂದವನು ನಾನು. ಅಲ್ಲಿ ಇಂಟರ್ವಲ್ 65,535 ಮಿಲಿಸೆಕೆಂಡ್ ದಾಟುವುದಿಲ್ಲ. ಅದಕ್ಕೆ 60,000 ಇಟ್ಟು, ಹ್ಯಾಂಡ್ಲರ್ ಒಳಗೆ ಎಣಿಸುತ್ತಿದ್ದೆ. ಎಣಿಕೆ 5 ಆದಾಗ ಕೆಲಸ. ಬಟನ್‌ನಿಂದ ಕರೆದರೆ ಎಣಿಕೆ ಒಂದು ಏರುತ್ತಿತ್ತು, ಅಷ್ಟೇ. ಅಕ್ಕಿ ಗಿರಣಿಯ ಗುಮಾಸ್ತರು ಐದು ಸಲ ಒತ್ತಿದರೆ ಮಾತ್ರ ಹೋಗುತ್ತೆ ಅಂತ ಕಲಿತುಬಿಟ್ಟಿದ್ದರು! ನನಗೆ ಗೊತ್ತಾಗಿದ್ದು 8 ತಿಂಗಳ ಮೇಲೆ. ಅವತ್ತೇ ಕೆಲಸವನ್ನು ಬೇರೆ ಸಬ್‌ಗೆ, ಅಂದರೆ ಬೇರೆ ಮೆಥಡ್‌ಗೆ, ಹಾಕಿದೆ. ಟೈಮರ್ ಅದನ್ನು ಕರೆಯುತ್ತೆ, ಬಟನ್ ಅದನ್ನೇ ಕರೆಯುತ್ತೆ.

ಮುಂದೆ ಸಿ ಶಾರ್ಪ್‌ಗೆ ಬಂದಾಗ ಅವಸರದಲ್ಲಿ ಟೈಮರ್1_ಟಿಕ್‌ಗೆ ನಲ್, ನಲ್ ಕೊಟ್ಟೆ. ಒಳಗೆ ಸೆಂಡರನ್ನು (ಯಾರು ಕರೆದರು ಅನ್ನುವ ಮಾಹಿತಿ) ಟೈಮರ್ ಅಂತ ಕ್ಯಾಸ್ಟ್ ಮಾಡಿ ಸ್ಟಾಪ್ ಮಾಡುವ ಸಾಲು ಇತ್ತು. ಸೆಂಡರ್ ಖಾಲಿ, ಅದಕ್ಕೆ ನಲ್ ರೆಫರೆನ್ಸ್ ಎರರ್. ಕೊಯ್ಲಿನ ಸಮಯ, ಹೊರಗೆ ಲಾರಿ ಸಾಲು. 12,000 ರೂಪಾಯಿ ಬಿಲ್ ಹಿಡಿದುಕೊಂಡರು, ಇವತ್ತಿಗೂ ಬಂದಿಲ್ಲ. ಆದರೂ ಹೇಳುತ್ತೇನೆ, ಬೇರೆ ಮೆಥಡ್ ಸಾಕು. ಬೇರೇನೂ ಬೇಡ.

ಮಂಡಿ_ಸಾಫ್ಟ್: ಸರ್, ‘ಬೇರೇನೂ ಬೇಡ’ ಅನ್ನಬೇಡಿ. ಬೇರೆ ಮೆಥಡ್ ಮಾಡಿಯೇ ನಾನು 19 ದಿನ ನಿದ್ದೆ ಕೆಟ್ಟವನು.

ಶಿವಮೊಗ್ಗದ ಅಡಿಕೆ ಮಂಡಿ. ತುಮಕೂರಿನವರು ಇಟ್ಟಿರುವಂಥದ್ದೇ ಟೈಮರ್. ಅದರ ಎಲ್ಯಾಪ್ಸ್ಡ್ ಥ್ರೆಡ್ ಪೂಲ್‌ನಲ್ಲಿ (ಹಿನ್ನೆಲೆಯಲ್ಲಿ) ಓಡುತ್ತೆ, ಬಟನ್ ಯುಐ ಥ್ರೆಡ್‌ನಲ್ಲಿ (ಕಿಟಕಿಯನ್ನು ನಡೆಸುವ ಥ್ರೆಡ್). ಒಂದು ಸಂಜೆ ಎರಡೂ ಒಟ್ಟಿಗೆ ಬಿದ್ದವು. ಇಬ್ಬರೂ ಅದೇ 37 ಚೀಟಿ ಓದಿದರು, ಇಬ್ಬರೂ ಕಳಿಸಿದರು. ಬೆಳೆಗಾರರ ಖಾತೆಯಲ್ಲಿ ಎಲ್ಲ ಡಬಲ್. ನಾನು, ಮಾಲೀಕರು ರಾತ್ರಿ ಒಂದು ಗಂಟೆವರೆಗೆ ಕೆಂಪು ಪೆನ್ ಹಿಡಿದು ಒಂದೊಂದೇ ಹೊಡೆದು ಹಾಕಿದೆವು.

ಮರುದಿನ ಲಾಕ್ ಹಾಕಿದೆ, ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಕಾಯುವ ಹಾಗೆ. ನಾಲ್ಕು ದಿನ ಸರಿ ಇತ್ತು. ಐದನೇ ದಿನ ಸ್ಕ್ರೀನ್ ಕಲ್ಲಾಯಿತು. ಯಾಕೆ ಗೊತ್ತಾ? ಟೈಮರ್ ಥ್ರೆಡ್ ಲಾಕ್ ಹಿಡಿದು, ಒಳಗಿಂದ ‘37 ಹೋಯಿತು’ ಅಂತ ಲೇಬಲ್‌ನಲ್ಲಿ ಬರೆಯಲು ಇನ್ವೋಕ್ ಮಾಡಿ ಯುಐಗೆ ಕಾಯುತ್ತಿತ್ತು. ಅದೇ ಹೊತ್ತಿಗೆ ಗುಮಾಸ್ತರು ಬಟನ್ ಒತ್ತಿದ್ದರು. ಯುಐ ಲಾಕ್‌ಗೆ ಕಾಯುತ್ತಿತ್ತು. ಇದು ಅದಕ್ಕೆ, ಅದು ಇದಕ್ಕೆ. ಇನ್ನು ಅಲುಗಾಡುವುದಿಲ್ಲ. ಬೆಂಗಳೂರಿಂದ ಮೂರು ಸಲ ಹೋಗಿ ಬಂದೆ. ಬಸ್ಸಿಗೇ 2,340 ಆಯಿತು. 6,500 ಮಂಡಿಯವರಿಗೆ ವಾಪಸ್ ಕೊಟ್ಟೆ.

ಕೊನೆಗೆ ಉಳಿದಿದ್ದು ಇದು: ಒಂದು ಇಂಟ್ ಫ್ಲ್ಯಾಗ್, ಕೆಲಸ ನಡೆಯುತ್ತಿದೆಯಾ ಅಂತ ಹೇಳುವ ಸಂಖ್ಯೆ. ಇಂಟರ್‌ಲಾಕ್ಡ್.ಎಕ್ಸ್‌ಚೇಂಜ್‌ನಿಂದ (ಹಳೆಯದನ್ನು ಓದಿ ಹೊಸದು ಬರೆಯುವುದನ್ನು ಒಂದೇ ಏಟಿಗೆ ಮಾಡುತ್ತೆ) 1 ಮಾಡು. ಮೊದಲೇ 1 ಇದ್ದರೆ ಕಾಯಬೇಡ, ವಾಪಸ್ ಬಾ. ಫೈನಲಿಯಲ್ಲಿ (ಎರರ್ ಬಂದರೂ ಓಡುವ ಭಾಗ) 0. ಇನ್ವೋಕ್ ತೆಗೆದು ಬಿಗಿನ್‌ಇನ್ವೋಕ್, ಅದು ಯುಐಗೆ ಕಾಯುವುದಿಲ್ಲ.

ಹಳೇ_ವಿಬಿ: ಅಷ್ಟೆಲ್ಲ ಪುರಾಣ ಯಾಕೆ? ವಿನ್‌ಫಾರ್ಮ್ಸ್‌ನ ಸ್ವಂತ ಟೈಮರ್ ಹಾಕಿದ್ದರೆ ಎರಡೂ ಒಂದೇ ಥ್ರೆಡ್.

ಮಂಡಿ_ಸಾಫ್ಟ್: ಪುರಾಣ ಅಲ್ಲ ಸರ್, 37 ಮನೆಯ ಲೆಕ್ಕ ಅದು. ನಿಮ್ಮ ಟೈಮರ್‌ನಲ್ಲಿ ನಾನು 40 ಸೆಕೆಂಡ್ ಅಪ್‌ಲೋಡ್ ಮಾಡಿದರೆ 40 ಸೆಕೆಂಡ್ ಕಿಟಕಿ ಸತ್ತ ಹಾಗೆ. ಗುಮಾಸ್ತರು ಕಂಪ್ಯೂಟರ್ ಆಫ್ ಮಾಡಿ ಹಾಕುತ್ತಾರೆ.

ಕುಂದಾಪುರ_ಕ್ಯೂಟಿ: ನಾನು ಸಿ ಪ್ಲಸ್ ಪ್ಲಸ್. ಕ್ಯೂಟಿ 5ರಲ್ಲಿ (ಕಿಟಕಿ ಇರುವ ಪ್ರೋಗ್ರಾಂ ಬರೆಯುವ ಲೈಬ್ರರಿ) ಟೈಮರಿನ ಟೈಮ್‌ಔಟ್ ಸಿಗ್ನಲನ್ನು, ಅಂದರೆ ‘ಸಮಯ ಆಯಿತು’ ಅನ್ನುವ ಸೂಚನೆಯನ್ನು, ನಾನೇ ಎಮಿಟ್ ಮಾಡಲು (ಕಳಿಸಲು) ಹೋಗಿ ಎರಡು ದಿನ ಹಾಳು. ಅದು ಪ್ರೈವೇಟ್ ಸಿಗ್ನಲ್, ಕಂಪೈಲೇ ಆಗುವುದಿಲ್ಲ. ಆಮೇಲೆ ಹೊಳೆಯಿತು, ಆ ಸಿಗ್ನಲ್ ಬಂದಾಗ ಓಡುವ ಸ್ಲಾಟ್ ಅಂದರೆ ಸುಮ್ನೆ ಒಂದು ಫಂಕ್ಷನ್ ಅಲ್ವಾ, ನೇರ ಕರೆದೆ. ಅವರು ಬಾಗಿಲು ಹಾಕಿದ್ದು ಒಳ್ಳೆಯದೇ ಆಯಿತು. ಗಡಿಯಾರ ಹೊಡೆಯದೆ ಹೊಡೆಯಿತು ಅಂತ ಸುಳ್ಳು ಹೇಳಬಾರದು.

ಟೆಸ್ಟ್_ಮೊದಲು: ಎಲ್ಲರೂ ಬಟನ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಟೆಸ್ಟ್? ನಮ್ಮ ತಂಡದಲ್ಲಿ 5 ನಿಮಿಷದ ಟೈಮರನ್ನು ಟೆಸ್ಟ್ ಮಾಡಲು ನಿಜವಾಗಿ 5 ನಿಮಿಷ ಕಾಯುತ್ತಿದ್ದೆವು. 14 ಟೆಸ್ಟ್, ಅಂದರೆ 70 ನಿಮಿಷ. ಡಾಟ್‌ನೆಟ್ 8ರಲ್ಲಿ ಟೈಮ್‌ಪ್ರೊವೈಡರ್ (ಪ್ರೋಗ್ರಾಂಗೆ ಸಮಯ, ಟೈಮರ್ ಕೊಡುವ ಕ್ಲಾಸ್) ಬಂತು, ಜೊತೆಗೆ ಟೆಸ್ಟಿಗೆ ನಕಲಿ ಗಡಿಯಾರ, ಫೇಕ್‌ಟೈಮ್‌ಪ್ರೊವೈಡರ್. ಅಡ್ವಾನ್ಸ್ ಅಂತ 5 ನಿಮಿಷ ಮುಂದೆ ತಳ್ಳಿದರೆ ಅದರಿಂದ ಮಾಡಿದ ಟೈಮರ್ ತಾನೇ ಹೊಡೆಯುತ್ತೆ. ಈಗ ಎಲ್ಲ ಸೇರಿ ಒಂದು ಸೆಕೆಂಡೂ ಇಲ್ಲ.

ಹಳೇ_ವಿಬಿ: ಮೇಡಂ, ನನ್ನ ಗಿರಣಿಗಳಲ್ಲಿ ಇನ್ನೂ ವಿಂಡೋಸ್ 7. ಡಾಟ್‌ನೆಟ್ ಫ್ರೇಮ್‌ವರ್ಕ್ 4.8 ದಾಟುವ ಹಾಗಿಲ್ಲ. ದೊಡ್ಡ ಕಂಪನಿಯಲ್ಲಿ ಕೂತು ಹೇಳುವುದು ಸುಲಭ.

ಟೆಸ್ಟ್_ಮೊದಲು: ನಾನಿರುವುದು ಆರು ಜನರ ಆಫೀಸು. ಹಳೆ ಫ್ರೇಮ್‌ವರ್ಕ್‌ಗೂ ಮೈಕ್ರೋಸಾಫ್ಟ್.ಬಿಸಿಎಲ್.ಟೈಮ್‌ಪ್ರೊವೈಡರ್ ಪ್ಯಾಕೇಜ್ ಇದೆ. 4.6.2ರಿಂದಲೇ ನಡೆಯುತ್ತೆ. ನೋಡದೆ ಮಾತಾಡಬೇಡಿ.

ಇನ್ನೊಂದು. ಸಿಸ್ಟಮ್.ಟೈಮರ್ಸ್.ಟೈಮರ್ ಹ್ಯಾಂಡ್ಲರ್ ಒಳಗಿನ ಎಕ್ಸೆಪ್ಷನನ್ನು (ಎರರನ್ನು) ನುಂಗಿಬಿಡುತ್ತೆ. ಒಂದು ಕೆಟ್ಟ ರೆಕಾರ್ಡಿನಿಂದ ಮೂರು ತಿಂಗಳು ನಮ್ಮ ಸಿಂಕ್ ಅರ್ಧಕ್ಕೇ ನಿಲ್ಲುತ್ತಿತ್ತು. ಯಾರಿಗೂ ಸುಳಿವಿಲ್ಲ. ಬಟನ್ ಇಟ್ಟ ಮೊದಲ ದಿನ ಪ್ರೋಗ್ರಾಂ ಕ್ರ್ಯಾಶ್. ನೇರ ಕರೆದರೆ ನುಂಗುವವರು ಯಾರೂ ಇಲ್ಲವಲ್ಲ! ‘ನಿನ್ನ ಬಟನ್ ಕೆಟ್ಟದ್ದು’ ಅಂತ ನನ್ನನ್ನೇ ಬೈದರು. ಬಟನ್ ಇಲ್ಲದಿದ್ದರೆ ಇನ್ನೂ ಗೊತ್ತಾಗುತ್ತಿರಲಿಲ್ಲ.

ಹಳೇ_ವಿಬಿ: ಪ್ಯಾಕೇಜ್ ವಿಷಯ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಮಂಡಿಯವರೇ, 6,500 ವಾಪಸ್ ಕೊಟ್ಟಿದ್ದು ತಪ್ಪು. ನೀವು ಹೀಗೆ ಕೊಟ್ಟರೆ ನಮ್ಮ ಗಿರಾಕಿಗಳೂ ಕೇಳುತ್ತಾರೆ.

ಮಂಡಿ_ಸಾಫ್ಟ್: ತಪ್ಪು ನನ್ನದು, ಕೊಟ್ಟೆ. ನಿಮ್ಮ 12,000 ನಿಂತಿರುವುದಕ್ಕೆ ನನ್ನ ಮೇಲೆ ಸಿಟ್ಟು ಬೇಡ. ಆ ಮಂಡಿಯವರು ಆಮೇಲೆ ಇನ್ನೆರಡು ಮಂಡಿ ಕೆಲಸ ಕೊಡಿಸಿದ್ದಾರೆ.

ತುಮಕೂರು_ಕೋಡ್: ಎಲ್ಲರಿಗೂ ಥ್ಯಾಂಕ್ಸ್. ಕೆಲಸವನ್ನು ಬೇರೆ ಮೆಥಡ್‌ಗೆ ಹಾಕಿ ಫ್ಲ್ಯಾಗ್ ಇಡುತ್ತೇನೆ. ಆದರೆ 5 ನಿಮಿಷ ಮೊದಲಿಂದ ಶುರುವಾಗುವುದು ಹೇಗೆ? ಅದನ್ನು ಯಾರೂ ಹೇಳಲಿಲ್ಲ.

ಕುಂದಾಪುರ_ಕ್ಯೂಟಿ: ಬಟನ್‌ನಲ್ಲಿ ಟೈಮರ್ ಸ್ಟಾಪ್ ಮಾಡಿ, ಕೆಲಸ ಮುಗಿದ ಮೇಲೆ ಸ್ಟಾರ್ಟ್. ಎಣಿಕೆ ಹೊಸದಾಗಿ ಶುರು. ನಿಮ್ಮಲ್ಲೂ ಹಾಗೆಯೇ. ಅಪ್‌ಲೋಡನ್ನು ಮಾತ್ರ ಟಾಸ್ಕ್.ರನ್‌ಗೆ ಹಾಕಿ (ಹಿನ್ನೆಲೆಯಲ್ಲಿ ಓಡುತ್ತೆ), ಇಲ್ಲದಿದ್ದರೆ ಕಿಟಕಿ ಸಾಯುತ್ತೆ.

ಮಂಡಿ_ಸಾಫ್ಟ್: ಸ್ಟಾರ್ಟ್ ಫೈನಲಿಯಲ್ಲಿ ಇರಲಿ. ಮಧ್ಯದಲ್ಲಿ ನೆಟ್ ಹೋಗಿ ಎಕ್ಸೆಪ್ಷನ್ ಬಂದರೆ ಟೈಮರ್ ನಿಂತೇಹೋಗುತ್ತೆ. ನನ್ನದು ಒಂದು ಭಾನುವಾರ ಪೂರ್ತಿ ನಿಂತಿತ್ತು.