ಅಪ್‌ಡೇಟ್: ಸದ್ದು ಮಾಡದ ಕಂಪ್ಯೂಟರ್ ರೆಡಿ ಆಯ್ತು

ಉಡುಪಿಯ ನಮ್ಮ ಮನೆಯಲ್ಲಿ ಹಾಡು, ಕೊಳಲು ರೆಕಾರ್ಡ್ ಮಾಡುವಾಗ ಹಳೇ ಡೆಸ್ಕ್‌ಟಾಪಿನ ಫ್ಯಾನ್ ಸದ್ದು ಮೈಕಿಗೆ ಬೀಳುತ್ತದೆ, ಏನು ಮಾಡುವುದು ಅಂತ ಕೇಳಿದ್ದೆ. ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಹೊಸದು ಬಂತು.

ಪ್ರೊಸೆಸರ್ ರೈಜನ್ 7 7700. 65 ವ್ಯಾಟ್‌ನದ್ದು, ಹಾಗಾಗಿ ಬಿಸಿ ಕಡಿಮೆ. ಗ್ರಾಫಿಕ್ಸ್ ಅದರೊಳಗೇ ಇದೆ, ಅದರದ್ದೇ ಫ್ಯಾನ್ ಇರುವ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ ಅಂದೆ. "ಕಾರ್ಡ್ ಇಲ್ಲದೆ ಎಂಥ ಕಂಪ್ಯೂಟರ್ ಮಾರಾಯ್ರೆ?" ಅಂತ ಅಂಗಡಿಯವರು ನಕ್ಕರು. ನನಗೆ ಗೇಮ್ ಆಡಲಿಕ್ಕಿಲ್ಲ ಅಲ್ವಾ! ತಿರುಗಿ ಸದ್ದು ಮಾಡುವ ಹಾರ್ಡ್ ಡಿಸ್ಕ್ ಇಲ್ಲ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಮಾತ್ರ.

ಫ್ಯಾನ್ ಎಲ್ಲ 140 ಮಿಲಿಮೀಟರಿನವು. ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗಿದರೂ ಬೇಕಾದಷ್ಟು ಗಾಳಿ ತಳ್ಳುತ್ತದೆ. ಆದರೆ ನಿಜವಾದ ಲಾಭ ಆದದ್ದು ಬಯೋಸ್ (ಕಂಪ್ಯೂಟರ್ ಆನ್ ಆಗುವಾಗ ಮೊದಲು ಓಡುವ ಮೂಲ ಸಾಫ್ಟ್‌ವೇರ್) ಸೆಟ್ಟಿಂಗಿನಿಂದ. ಮೊದಲು ಒಂದು ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸುವ ಸಣ್ಣ ಪ್ರೋಗ್ರಾಂ) ತೆರೆದರೆ ಸಾಕು, ಫ್ಯಾನ್ ಭರ್ ಅಂತ ಏರಿ ಮತ್ತೆ ಇಳಿಯುತ್ತಿತ್ತು. ಬಿಸಿ ಏರಿದ ಕೂಡಲೇ ಓಡದೆ, ಸ್ವಲ್ಪ ತಡೆದು ನಿಧಾನಕ್ಕೆ ಏರುವ ಹಾಗೆ ಮಾಡಿದೆ. ಒಂದೇ ಸಮನೆ ಇರುವ ಸಣ್ಣ ಸದ್ದು ಕಿವಿಗೆ ಗೊತ್ತೇ ಆಗುವುದಿಲ್ಲ, ಏರಿಳಿಯುವುದೇ ಕಿರಿಕಿರಿ.

ರೆಕಾರ್ಡಿಂಗ್ 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ದನಿಯ 48,000 ಸ್ಯಾಂಪಲ್ (ಅಳತೆ). ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ದನಿಯ ತುಂಡು, 128 ಸ್ಯಾಂಪಲ್ ಇಟ್ಟಿದ್ದೇನೆ. ಅಂದರೆ ಒಂದು ಬಫರಿಗೆ ಸುಮಾರು 2.7 ಮಿಲಿಸೆಕೆಂಡ್. ಹೆಡ್‌ಫೋನಿನಲ್ಲಿ ನನ್ನ ದನಿ ತಡ ಗೊತ್ತಾಗದ ಹಾಗೆ ಕೇಳಿಕೊಂಡೇ ಹಾಡಬಹುದು, ಟಿಕ್ ಟಿಕ್ ಸದ್ದು ಬರುವುದಿಲ್ಲ.

ಈಗ ಉಳಿದದ್ದು ಸೀಲಿಂಗ್ ಫ್ಯಾನ್. ಆಫ್ ಮಾಡಿದರೆ ಪಲ್ಲವಿ ಮುಗಿಯುವುದರೊಳಗೆ ಅಂಗಿ ಒದ್ದೆ. ಜೂನ್ ಬಂದರೆ ಹಂಚಿನ ಮೇಲೆ ಮಳೆ ಬೇರೆ. ಅದಕ್ಕೆ ಯಾವ ಬಯೋಸೂ ಇಲ್ಲ, ಸುಮ್ನೆ ಮೊದಲೇ ರೆಕಾರ್ಡ್ ಮಾಡಿದ್ದನ್ನು ಮಿಕ್ಸಿಂಗ್ ಮಾಡುತ್ತಾ ಕೂರುವುದು.