ಏಪ್ರಿಲ್ ಬಿಲ್ 214 ಯೂನಿಟ್! ಎಲ್ಲಿ ಹೋಯಿತು ಇಷ್ಟು ಕರೆಂಟು?

ಪ್ರಶ್ನೆ (ಕೌಲ್ ಬಜಾರ್, ಬಳ್ಳಾರಿ): ಅಣ್ಣಾ, ನಮ್ಮದು ಎರಡು ರೂಮಿನ ಮನೆ. ಗೃಹಜ್ಯೋತಿಯಲ್ಲಿ ನಮಗೆ 137 ಯೂನಿಟ್ ಫ್ರೀ ಇದೆ. ಹೋದ ವರ್ಷ ಏಪ್ರಿಲ್‌ನಲ್ಲಿ 146 ಬಂದಿತ್ತು, ಮೇಲಿನ 9 ಯೂನಿಟ್‌ದಷ್ಟೇ ಕಟ್ಟಿದ್ದೆವು. ಈ ವರ್ಷವೂ ಅದೇ ಫ್ಯಾನು, ಅದೇ ಕೂಲರ್, ಅದೇ ಫ್ರಿಜ್. ಹೊಸ ಸಾಮಾನು ಒಂದೂ ತಂದಿಲ್ಲ. ಬಂದಿರುವುದು 214, ಪೂರ್ತಿ ಬಿಲ್ ಕಟ್ಟಬೇಕಂತೆ. ನಮ್ಮ ಮನೆಯವರು ಮಕ್ಕಳನ್ನು ಬೈಯುತ್ತಾ ಲೈಟ್ ಆಫ್ ಮಾಡುತ್ತಾ ಓಡಾಡುತ್ತಿದ್ದಾರೆ. ಮೀಟರ್ ಕೆಟ್ಟಿದೆಯಾ?

ಉತ್ತರ (ಎಲೆಕ್ಟ್ರಿಷಿಯನ್): ಅಕ್ಕಾ, ಮೊದಲು ಮಕ್ಕಳನ್ನು ಬಿಡಿ, ಪಾಪ. 9 ವ್ಯಾಟ್‌ನ ಎಲ್‌ಇಡಿ ಬಲ್ಬು ದಿನಾ ಆರು ಗಂಟೆ ಉರಿದರೂ ತಿಂಗಳಿಗೆ ಎರಡು ಯೂನಿಟ್ ಆಗುವುದಿಲ್ಲ. ಪೂರ್ತಿ ಬಿಲ್ ಬಂದಿದ್ದು 200 ದಾಟಿದ್ದಕ್ಕೆ. 200ರ ಒಳಗಿದ್ದರೆ ಫ್ರೀ ಮಿತಿಯ ಮೇಲಿನದಷ್ಟೇ ಕಟ್ಟಬೇಕು, ದಾಟಿದರೆ ಮೊದಲ ಯೂನಿಟ್‌ನಿಂದಲೇ ಲೆಕ್ಕ. ಬಿಸಿಲು ಹೋದ ವರ್ಷವೂ ಇತ್ತು, ಕೂಲರ್‌ ಕೂಡ ಇತ್ತು, ಆದರೂ 68 ಯೂನಿಟ್ ಜಾಸ್ತಿ ಬಂದಿದೆ ಅಂದರೆ ನನಗೆ ಅನುಮಾನ ಬೇರೆ. ಏನೋ ಒಂದು ಹಗಲೂ ರಾತ್ರಿ ಸದ್ದಿಲ್ಲದೆ ಎಳೆಯುತ್ತಿದೆ.

ಒಂದು ಕೆಲಸ ಮಾಡಿ. ಮೀಟರ್ ಮುಖದ ಮೇಲೆ 3200 ಇಂಪ್ ಅಂತ ಬರೆದಿರುತ್ತದೆ, ಕೆಲವದರಲ್ಲಿ 1600 ಇರುತ್ತದೆ, ನಿಮ್ಮದರಲ್ಲಿ ಎಷ್ಟಿದೆ ನೋಡಿಕೊಳ್ಳಿ. ಅದರ ಪಕ್ಕದ ಸಣ್ಣ ಕೆಂಪು ದೀಪ ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. ಫ್ರಿಜ್, ಟಿವಿ, ಸೆಟ್‌ಟಾಪ್ ಬಾಕ್ಸ್, ಮೊಬೈಲ್ ಚಾರ್ಜರ್ ಎಲ್ಲದರ ಸ್ವಿಚ್ ಆಫ್ ಮಾಡಿ. ಮೇನ್ ಮಾತ್ರ ಆನ್ ಇರಲಿ. ಮೊಬೈಲ್‌ನಲ್ಲಿ ಐದು ನಿಮಿಷದ ಟೈಮರ್ ಇಟ್ಟುಕೊಂಡು ದೀಪ ಎಷ್ಟು ಸಲ ಮಿಣುಕಿತು ಎಣಿಸಿ ಹೇಳಿ.

ನಡುವೆ ಒಬ್ಬರು (ಗಂಗಾವತಿ): ಪ್ಲಗ್‌ಗೆ ಹಾಕುವ ಪವರ್ ಸೇವರ್ ಅಂತ ಹಸಿರು ಲೈಟಿನ ಡಬ್ಬಿ ಬರುತ್ತದಲ್ಲ, ಬಿಲ್ ಅರ್ಧ ಆಗುತ್ತದೆ ಅನ್ನುತ್ತಾರೆ. ಅಕ್ಕ ಅದನ್ನೇ ತಂದರೆ ಆಗಲ್ವಾ?

ಉತ್ತರ: ಬೇಡ ಅಣ್ಣ, ದುಡ್ಡು ದಂಡ. ನಾನೇ ಬಿಚ್ಚಿ ನೋಡಿದ್ದೇನೆ, ಒಳಗೆ ಒಂದು ಕೆಪಾಸಿಟರ್ ಮತ್ತು ಆ ಹಸಿರು ಲೈಟು, ಅಷ್ಟೇ. ಕೆಪಾಸಿಟರ್ ಸರಿಮಾಡುವುದು ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾದ ಕೆಲಸಕ್ಕೆ ಬರುವುದು ಎಷ್ಟು ಅನ್ನುವ ಲೆಕ್ಕ. ಫ್ಯಾಕ್ಟರಿಗಳಿಗೆ ಅದು ಬೇಕು. ಮನೆಯ ಬಿಲ್ ಆಗುವುದು ನೀವು ನಿಜವಾಗಿ ಉರಿಸಿದ ಯೂನಿಟ್‌ಗೆ, ಅದನ್ನು ಈ ಡಬ್ಬಿ ಕಡಿಮೆ ಮಾಡಲ್ಲ. ಉಲ್ಟಾ ಆ ಲೈಟ್ ಉರಿಯುವ ಕರೆಂಟೂ ನಿಮ್ಮ ಲೆಕ್ಕಕ್ಕೇ.

ಪ್ರಶ್ನೆ (ಕೌಲ್ ಬಜಾರ್): ಎಣಿಸಿದೆ ಅಣ್ಣಾ. ನಮ್ಮದು 3200. ಎಲ್ಲ ಆಫ್ ಇದ್ದರೂ ಐದು ನಿಮಿಷದಲ್ಲಿ 25 ಸಲ ಮಿಣುಕಿತು!

ಉತ್ತರ: ಸಿಕ್ಕಿತು ನೋಡಿ. ಐದು ನಿಮಿಷಕ್ಕೆ 25 ಅಂದರೆ ಗಂಟೆಗೆ 300, ದಿನಕ್ಕೆ 7200. ಅದನ್ನು 3200ರಿಂದ ಭಾಗಿಸಿದರೆ ದಿನಕ್ಕೆ ಎರಡೂಕಾಲು ಯೂನಿಟ್, ತಿಂಗಳಿಗೆ 67. ನಿಮಗೆ ಜಾಸ್ತಿ ಬಂದಿದ್ದು 68. ಮನೆಯಲ್ಲಿ ಇನ್ವರ್ಟರ್ ಇದೆಯಾ? ಬ್ಯಾಟರಿ ಎಷ್ಟು ವರ್ಷದ್ದು?

ಪ್ರಶ್ನೆ: ಇದೆ, ಆರು ವರ್ಷ ಆಯಿತು. ದೇವರ ಜಗಲಿ ಪಕ್ಕದ ಮೂಲೆಯಲ್ಲಿದೆ. ಮೊದಲೆಲ್ಲ ನಾಲ್ಕು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕುತ್ತಿದ್ದೆವು, ಈಗ ತಿಂಗಳಾಗುವುದರೊಳಗೇ ಖಾಲಿ. ಡಬ್ಬ ಮುಟ್ಟಿದರೆ ಬೆಚ್ಚಗಿದೆ. ಕರೆಂಟ್ ಹೋದರೆ ಅರ್ಧ ಗಂಟೆಗೇ ಕೂಗಲು ಶುರು ಮಾಡುತ್ತದೆ.

ಉತ್ತರ: ಅದೇ ಕಳ್ಳ. ಬ್ಯಾಟರಿಗೆ ವಯಸ್ಸಾಗಿದೆ. ಚಾರ್ಜ್ ಹಿಡಿದಿಟ್ಟುಕೊಳ್ಳುವುದಿಲ್ಲ, ಇನ್ವರ್ಟರ್ ಮಾತ್ರ ಇನ್ನೂ ತುಂಬಿಲ್ಲ ಅಂದುಕೊಂಡು ಇಪ್ಪತ್ನಾಲ್ಕು ಗಂಟೆ ತುಂಬಿಸುತ್ತಲೇ ಇದೆ. ಆ ಕರೆಂಟೆಲ್ಲ ನೀರು ಕಾಯಿಸಿ ಆವಿ ಮಾಡುವುದಕ್ಕೇ ಹೋಗುತ್ತಿದೆ. ಖಚಿತ ಮಾಡಿಕೊಳ್ಳಲು ಇನ್ವರ್ಟರ್ ಪ್ಲಗ್ ತೆಗೆದು ಮತ್ತೆ ಎಣಿಸಿ, ದೀಪ ನಿಂತರೆ ಇನ್ನು ಅನುಮಾನವೇ ಬೇಡ. ನಿಲ್ಲದಿದ್ದರೆ ವೈರಿಂಗ್‌ನಲ್ಲಿ ಲೀಕೇಜ್ ಇರಬಹುದು, ಆಗ ಏನನ್ನೂ ಬಿಚ್ಚಬೇಡಿ, ನಿಮ್ಮ ಓಣಿಯ ಎಲೆಕ್ಟ್ರಿಷಿಯನ್ ಕರೆಸಿ.

ಅಕ್ಕಾ, ಬಿಲ್ಲಿಗಿಂತ ನನಗೆ ಹೆದರಿಕೆ ಆಗಿದ್ದು ದೇವರ ಜಗಲಿ ಅಂದಿದ್ದಕ್ಕೆ. ಹೀಗೆ ಕುದಿಯುವ ಬ್ಯಾಟರಿಯಿಂದ ಹೈಡ್ರೋಜನ್ ಗ್ಯಾಸ್ ಬರುತ್ತದೆ, ಕಿಡಿ ತಾಗಿದರೆ ಸಿಡಿಯುತ್ತದೆ. ಅದರ ಹತ್ತಿರ ದೀಪ, ಊದಿನಕಡ್ಡಿ ಹಚ್ಚಲೇಬಾರದು. ಇವತ್ತೇ ಪ್ಲಗ್ ತೆಗೆದು, ಯಾರನ್ನಾದರೂ ಕರೆಸಿ ಗಾಳಿಯಾಡುವ ಕಡೆ ಇಡಿಸಿ. ಹೊಸದು ತರುವಾಗ ಹಳೆಯದನ್ನು ಅಂಗಡಿಗೇ ಕೊಡಿ, ಸೀಸ ಇರುವುದರಿಂದ ಸ್ವಲ್ಪ ರೇಟು ಕಳೆಯುತ್ತಾರೆ.

ಪ್ರಶ್ನೆ (ಕೌಲ್ ಬಜಾರ್): ಪ್ಲಗ್ ತೆಗೆದೆ, ನಿಂತೇಬಿಟ್ಟಿತು ಅಣ್ಣಾ! ಮನೆಯವರನ್ನೂ ಕರೆದು ತೋರಿಸಿದೆ, ಈಗ ಸುಮ್ಮನಾಗಿದ್ದಾರೆ.

ಪ್ರಶ್ನೆ (ರಾಯಚೂರು): ಸರ್, ನಮ್ಮಲ್ಲಿ ಇನ್ವರ್ಟರ್ ಇಲ್ಲ. ನಾಲ್ಕು ಹಳೆ ಫ್ಯಾನು, ಒಂದು ಕೂಲರ್. ಬಿಸಿಲಿಗೆ ಎಲ್ಲ ಹಾಕಿಕೊಂಡೇ ಇರಬೇಕು, ಹೊರಗೆ 42 ಡಿಗ್ರಿ. ಏನು ಮಾಡೋದು?

ಉತ್ತರ: ನಿಮ್ಮ ಕಡೆ ಫ್ಯಾನ್ ಆಫ್ ಮಾಡಿ ಅಂತ ಹೇಳಿದರೆ ನನಗೇ ಪಾಪ ಬರುತ್ತದೆ. ಹಳೆ ಫ್ಯಾನು 75 ವ್ಯಾಟ್, ಬಿಎಲ್‌ಡಿಸಿ ಅಂತ ಕಡಿಮೆ ಕರೆಂಟ್ ಎಳೆಯುವ ಹೊಸ ತರದ ಮೋಟರಿನ ಫ್ಯಾನು 30ರ ಆಸುಪಾಸು. ದಿನಕ್ಕೆ 15 ಗಂಟೆ ತಿರುಗಿದರೆ ಒಂದೊಂದು ಫ್ಯಾನಿಗೆ ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ. ನಾಲ್ಕನ್ನೂ ಒಮ್ಮೆಗೇ ಬದಲಿಸಬೇಡಿ. ರಾತ್ರಿಯೆಲ್ಲ ತಿರುಗುವ ಮಲಗುವ ಕೋಣೆಯದನ್ನು ಮೊದಲು ಬದಲಿಸಿ. ವರ್ಷಕ್ಕೆ ನಾಲ್ಕು ದಿನ ನೆಂಟರು ಬಂದಾಗ ಹಾಕುವ ಫ್ಯಾನು ಹಾಗೇ ಇರಲಿ. ಬಿಎಲ್‌ಡಿಸಿ ಹಾಕಿಸುವಾಗ ಗೋಡೆಯ ಹಳೆ ರೆಗ್ಯುಲೇಟರ್ ತೆಗೆಸಿ, ಅದು ರಿಮೋಟ್‌ನಲ್ಲೇ ನಡೆಯುತ್ತದೆ.

ಕೂಲರ್ ಬಗ್ಗೆ ಒಂದೇ ಮಾತು. ಬಾಗಿಲು ಕಿಟಕಿ ಹಾಕಿಕೊಂಡು ಕೂಲರ್ ಓಡಿಸುವವರೇ ಜಾಸ್ತಿ. ಎಸಿ ತರ ಅಲ್ಲ ಅದು. ಅದರ ಬೆನ್ನು ಕಿಟಕಿಗೆ ಇರಬೇಕು, ಎದುರಿನ ಬಾಗಿಲು ಅರ್ಧ ತೆರೆದಿರಬೇಕು. ಇಲ್ಲದಿದ್ದರೆ ಒಳಗೆ ಬರೀ ತೇವ ತುಂಬಿ ಮೈ ಅಂಟಂಟು, ಆಮೇಲೆ ತಂಪೇ ಇಲ್ಲ ಅಂತ ಸ್ಪೀಡ್ ಏರಿಸುತ್ತೀರಿ. ಒಳಗಿನ ಹುಲ್ಲಿನ ಪ್ಯಾಡ್ ನಮ್ಮ ಬೋರ್ ನೀರಿನ ಉಪ್ಪಿಗೆ ಕಲ್ಲಿನಂತೆ ಗಟ್ಟಿಯಾಗಿದ್ದರೆ ಇವತ್ತೇ ಬದಲಿಸಿ.