ಮಗಳ ಹೆಸರಿನ ಕೊನೆಗೆ ‘ಹೆಗಡೆ’ ಇರಲೇ? ಅನುಭವ ಇದ್ದವರು ಹೇಳಿ

ನನ್ನ ತವರು ಮೈಸೂರು. ನಮ್ಮಲ್ಲಿ ಅಡ್ಡಹೆಸರಿನ ರೂಢಿಯೇ ಇಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇದ್ದರೆ ಮುಗಿಯಿತು. ಗಂಡನ ಮನೆ ಉತ್ತರ ಕನ್ನಡದ ಸಿದ್ದಾಪುರದ ಕಡೆ, ಅವರು ಹೆಗಡೆ. ಈಗ ಪುಣೆಯಲ್ಲಿದ್ದೇವೆ. ಮಗಳ ಜನನ ಪ್ರಮಾಣಪತ್ರಕ್ಕೆ ಹೆಸರು ಕೊಡಬೇಕು. ಹೆಗಡೆ ಎಂದು ಸೇರಿಸಿದರೆ ಕೂಸಿನ ಹಣೆಗೆ ಜಾತಿ ಅಂಟಿಸಿದಂತಾಗುತ್ತದೆಯೇ ಎಂಬ ಅಳುಕು ನನಗೆ. ಅತ್ತೆಯವರಿಗೆ ಅದಿಲ್ಲದೆ ಆಗದು. ಈ ಹೆಸರಿನ ಹಿನ್ನೆಲೆ ಏನು? ಇಟ್ಟುಕೊಂಡವರಿಗೆ, ಬಿಟ್ಟವರಿಗೆ ಏನು ಅನುಭವವಾಯಿತು?

ಕಾರ್ಕಳದಿಂದ, ಸದ್ಯ ಬೆಂಗಳೂರು:
ಅಕ್ಕ, ಹೆಗ್ಡೆ ಎಂದರೆ ಒಂದೇ ಜಾತಿ ಎಂದುಕೊಳ್ಳಬೇಡಿ. ಶಿರಸಿ, ಸಿದ್ದಾಪುರದ ಕಡೆಯ ಹೆಗಡೆಗಳು ಹೆಚ್ಚಾಗಿ ಹವ್ಯಕ ಬ್ರಾಹ್ಮಣರು, ಸಸ್ಯಾಹಾರಿಗಳು. ನಾವು ಕರಾವಳಿಯ ಬಂಟರು, ನಾವೂ ಹೆಗ್ಡೆಗಳೇ. ಇಲ್ಲಿ ಬಾಡಿಗೆ ಮನೆ ಹುಡುಕುವಾಗ ಮಾಲೀಕರೊಬ್ಬರು ಹೆಸರು ಕೇಳಿದ ಕೂಡಲೇ ‘ಶಿರಸಿ ಕಡೆಯವರೇ? ಒಳ್ಳೆಯದಾಯಿತು’ ಎಂದು ಮನೆ ಒಪ್ಪಿಕೊಂಡರು. ಸಂಜೆ ಮುಂಗಡ ಕೊಡಲು ಹೋದಾಗ ಮಾತಿನ ನಡುವೆ ಕಾರ್ಕಳ ಎಂದೆ. ‘ಹಾಗಾದರೆ ಮೀನು ಮಾಡುತ್ತೀರಾ?’ ಎಂದರು. ಹೌದು ಎಂದೆ. ಮನೆ ಬೇರೆಯವರಿಗೆ ಮಾತಾಗಿಬಿಟ್ಟಿದೆ ಎಂದು ಬಾಗಿಲು ಮುಂದೆ ಮಾಡಿದರು. ಬಹಳ ನೋವಾಯಿತು. ಆದರೂ ಹೆಸರು ಬಿಡಬೇಕೆಂದು ಅನ್ನಿಸಲಿಲ್ಲ. ನಮ್ಮ ತಾಲ್ಲೂಕಿನ ಕೆ.ಎಸ್. ಹೆಗ್ಡೆಯವರು 1973ರಲ್ಲಿ ಸರ್ಕಾರ ತಮ್ಮ ಹಿರಿತನವನ್ನು ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ್ದಕ್ಕೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯ ಸ್ಥಾನವನ್ನೇ ಬಿಟ್ಟವರು, ಮುಂದೆ ಲೋಕಸಭೆಯ ಸ್ಪೀಕರ್ ಆದವರು. ಮನೆಯಲ್ಲಿ ಹೆಸರಿನ ಮಾತು ಬಂದಾಗಲೆಲ್ಲ ಅಪ್ಪ ಹೇಳುತ್ತಿದ್ದುದು ಅವರ ಸಂಗತಿ.

ಧಾರವಾಡದಿಂದ, ನಿವೃತ್ತ ಕನ್ನಡ ಅಧ್ಯಾಪಕ:
ತಂಗಿ, ಇದು ಮೂಲದಲ್ಲಿ ಹುದ್ದೆಯ ಹೆಸರು. ಹಳಗನ್ನಡದಲ್ಲಿ ಪೆರ್ಗಡೆ. ಹಳಗನ್ನಡದ ‘ಪಾಲು’ ಪಕಾರ ಹಕಾರವಾಗಿ ‘ಹಾಲು’ ಆದಂತೆ ಇದು ಹೆರ್ಗಡೆ, ಹೆಗ್ಗಡೆ, ಹೆಗಡೆ ಎಂದಾಯಿತು. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಬರುವ ಮನೆವೆರ್ಗಡೆ ಅರಮನೆಯ ಆಡಳಿತ ನೋಡುವ ಅಧಿಕಾರಿ. ಹೊಯ್ಸಳರ ಕಾಲದಲ್ಲಿ ಸುಂಕದ ಹೆಗ್ಗಡೆಗಳಿದ್ದರು. ದೇವರ ನಂದಾದೀವಿಗೆಯ ಎಣ್ಣೆಗೆಂದು ಇಂತಿಷ್ಟು ಸುಂಕ ಬಿಟ್ಟುಕೊಟ್ಟ ದಾನಶಾಸನಗಳಲ್ಲಿ ಅವರ ಹೆಸರು ಓದುವುದೇ ನನಗೊಂದು ಸಂತೋಷ. ಮೈಸೂರಿನವರಾದ ನಿಮಗೆ ಹೆಗ್ಗಡದೇವನಕೋಟೆ ಗೊತ್ತೇ ಇದೆಯಲ್ಲ, ಅಲ್ಲಿಯೂ ಇದೇ ಹೆಗ್ಗಡೆ ಕುಳಿತಿದ್ದಾನೆ.

ಹುದ್ದೆ ಯಾರ ಮನೆಗೆ ಬಂದಿತೋ ಅವರ ಮನೆಯಲ್ಲಿ ಹೆಸರಾಗಿ ನಿಂತಿತು. ಆದ್ದರಿಂದಲೇ ಹವ್ಯಕರಲ್ಲಿ, ಬಂಟರಲ್ಲಿ, ಜೈನರಲ್ಲಿ, ಮಲೆನಾಡಿನ ಒಕ್ಕಲಿಗ ಮನೆತನಗಳಲ್ಲಿ ಇದನ್ನು ಕಾಣುತ್ತೇವೆ. ಕೊಡಗಿನಲ್ಲಿ ಒಂದು ಸಮುದಾಯದ ಹೆಸರೇ ಹೆಗ್ಗಡೆ. ಧರ್ಮಸ್ಥಳದ ಸ್ಥಳಕಥೆಯಲ್ಲಿ ಬರುವ ಗೃಹಸ್ಥ ಬಿರ್ಮಣ್ಣ ಪೆರ್ಗಡೆ, ಆತನ ಮಡದಿ ಅಮ್ಮು ಬಲ್ಲಾಳ್ತಿ. ಹಳೆಯ ರೂಪ ಅಲ್ಲಿ ಇನ್ನೂ ಹಾಗೆಯೇ ಇದೆ. ದೇವರು ಮಂಜುನಾಥ, ಪೂಜೆ ಮಾಧ್ವ ಬ್ರಾಹ್ಮಣರದು, ಆಡಳಿತ ಜೈನರಾದ ಹೆಗ್ಗಡೆಯವರದು. ಇಷ್ಟನ್ನು ಒಳಗೊಂಡ ಹೆಸರನ್ನು ಜಾತಿಯ ಚೀಟಿ ಎಂದು ಬಿಟ್ಟುಕೊಡಬೇಡಿ ಎಂಬುದು ನನ್ನ ಕಳಕಳಿ. ನಿಮ್ಮದು ಹೆಣ್ಣುಮಗು ಎಂದಿರಿ. ಹೆಗ್ಗಡಿತಿ ಎಂಬ ಹೆಣ್ಣುರೂಪವೂ ನಮ್ಮಲ್ಲಿದೆ, ಗತ್ತಿನ ಮಾತು ಅದು.

ಸಾಗರದಿಂದ:
ಮೇಲಿನವರ ವಿದ್ವತ್ತಿಗೆ ನಮಸ್ಕಾರ. ಆದರೆ ಮೂಲ ಏನೇ ಇರಲಿ, ಇಂದು ಕೇಳುವವರು ಜಾತಿಯನ್ನೇ ಕೇಳುತ್ತಾರೆ. ಕಾರ್ಕಳದ ಅಣ್ಣನ ಬಾಡಿಗೆ ಮನೆಯ ಕಥೆಯೇ ಅದಕ್ಕೆ ಸಾಕ್ಷಿ. ನಾವು ಇಬ್ಬರು ಮಕ್ಕಳಿಗೂ ಅಡ್ಡಹೆಸರು ಇಡಲಿಲ್ಲ, ತಾಯಿಯ ಹೆಸರನ್ನೂ ತಂದೆಯ ಹೆಸರನ್ನೂ ಸೇರಿಸಿದೆವು. ಅಜ್ಜ ಒಂದಿಷ್ಟು ದಿನ ಮುನಿಸಿಕೊಂಡಿದ್ದರು, ಆಮೇಲೆ ಸರಿಹೋಯಿತು. ಮಕ್ಕಳು ಚೆನ್ನಾಗಿಯೇ ಇದ್ದಾರೆ.

ಹೊನ್ನಾವರದಿಂದ:
ನಮ್ಮೂರಿನಲ್ಲಿ ‘ಹೆಗಡೇರೇ’ ಎಂದು ಕರೆದರೆ ಅಂಗಡಿಯ ಮುಂದೆ ನಿಂತ ಅರ್ಧ ಜನ ತಿರುಗಿ ನೋಡುತ್ತಾರೆ. ಆದ್ದರಿಂದ ಗುರುತೆಲ್ಲ ಮನೆಯ ಹೆಸರಿನಲ್ಲಿ, ಊರಿನ ಹೆಸರಿನಲ್ಲಿ. ಯಕ್ಷಗಾನವನ್ನೇ ನೋಡಿ. 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಶಿವರಾಮ ಹೆಗಡೆಯವರು ಜನರ ಬಾಯಲ್ಲಿ ಕೆರೆಮನೆ. ಯಕ್ಷಗಾನದ ಬಡಗಣ ಶೈಲಿಯಾದ ಬಡಗುತಿಟ್ಟಿನ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ‘ಚಿಟ್ಟಾಣಿಗೆ ಪದ್ಮಶ್ರೀ’ ಎಂದೇ ಊರೆಲ್ಲ ಕುಣಿಯಿತು. ವೇಷ ಕಟ್ಟುವ ಚೌಕಿಯಲ್ಲಿ, ಆಟ ನೋಡುವವರ ನಡುವೆ ಹೆಗಡೆ ಎಂದು ಯಾರನ್ನೂ ಕರೆದದ್ದು ನಾನು ಕೇಳಿಲ್ಲ. ನಿಮ್ಮ ಗಂಡನ ಮನೆಗೂ ಅಂಥದೊಂದು ಹೆಸರು ಇದ್ದೇ ಇರುತ್ತದೆ. ಅತ್ತೆಯವರನ್ನು ಕೂರಿಸಿಕೊಂಡು ಕೇಳಿ; ಅವರಿಗೆ ಹೇಳುವುದಕ್ಕೆ ಬೇಕಾದಷ್ಟು ಇರುತ್ತದೆ. ಮಗಳಿಗೆ ಹೆಗಡೆಯ ಬದಲು ಆ ಮನೆಯ ಹೆಸರೇ ಹಿಡಿಸಬಹುದು.

ಉಡುಪಿಯಿಂದ:
ಒಂದು ಮಾತು ಸೇರಿಸುತ್ತೇನೆ. ಬಂಟರ ಅಳಿಯಸಂತಾನ ಪದ್ಧತಿಯಲ್ಲಿ ಬಳಿ, ಅಂದರೆ ಕುಲದ ಗುರುತು, ತಾಯಿಯಿಂದ ಬರುವುದು, ಕುಟುಂಬದ ಹೆಸರೂ ಹಾಗೆಯೇ ಬರುತ್ತಿತ್ತು. ಈಗ ಅನೇಕರು ತಂದೆಯದನ್ನು ಇಡುತ್ತಾರೆ. ಎಂದರೆ, ಹೆಸರು ಅಪ್ಪನ ಕಡೆಯಿಂದಲೇ ಬರಬೇಕೆಂಬ ಕಟ್ಟಳೆ ಈ ಹೆಸರಿಗೇ ಎಲ್ಲ ಕಡೆ ಇರಲಿಲ್ಲ.

ಶಿರಸಿಯಿಂದ:
ಇಡುವುದಾದರೆ ಕಾಗದಪತ್ರದ ಕಡೆ ಗಮನ ಕೊಡಿ. ಇಂಗ್ಲಿಷಿನಲ್ಲಿ ಕೆಲವರು ಒಂದು ‘ಜಿ’, ಕೆಲವರು ಎರಡು, ನಡುವೆ ‘ಎ’ ಹಾಕುವವರು ಬೇರೆ. ನನ್ನ ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು. ಪಾಸ್‌ಪೋರ್ಟ್ ಮಾಡಿಸುವಾಗ ಅಫಿಡವಿಟ್ ಹಿಡಿದು ಓಡಾಡಿದೆ. ಗಂಡನ ಪಾಸ್‌ಪೋರ್ಟ್‌ನಲ್ಲಿ ಇರುವ ಅಕ್ಷರಗಳನ್ನೇ ಮಗುವಿಗೂ ಬರೆಸಿ. ಅವಸರವೂ ಬೇಡ. ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅಷ್ಟರಲ್ಲಿ ಅತ್ತೆ, ನೀವು, ಗಂಡ ಮೂವರೂ ಮಾತಾಡಿಕೊಳ್ಳಿ.